ಮರಿ ಸ್ಕ್ರೀನಿನ ಸಿಸ್ಟರಮ್ಮ

ಹೋದ ವಾರ ಹೊಸ ಕಂಪ್ಯೂಟರಿಗೆ ಜಾಗ ಮಾಡೋಣವೆಂದು ಮೇಜಿನ ಕೆಳಗಿದ್ದ ರಟ್ಟಿನ ಡಬ್ಬ ಎಳೆದೆವು. ನಾನಿದ್ದೆ, ನಮ್ಮನೆಯವರಿದ್ದರು, ಕಾಲೇಜಿಗೆ ರಜೆಯೆಂದು ಮಗಳೂ ಇದ್ದಳು. ಹಳೇ ವೈರುಗಳ ಗಂಟಿನ ನಡುವೆ ಅಂಗೈಯಗಲದ ಒಂದು ಸ್ಕ್ರೀನು ಸಿಕ್ಕಿತು. ಅದರ ಬಲಗಡೆ ಅಂಚಿಗೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಒಂದು ತುಂಡು, ಅದರ ಮೇಲೆ ನೀಲಿ ಪೆನ್ನಿನಲ್ಲಿ ಕೊಂಚ ನಡುಗಿದ ಅಕ್ಷರದಲ್ಲಿ 90 ಅಂತ ಬರೆದದ್ದು. ಮೂಗಿನ ಹತ್ತಿರ ತಂದೆ. ಇಷ್ಟು ವರ್ಷವಾದ ಮೇಲೂ ಆ ಅಂಟಿನ ವಾಸನೆ ಪೂರ್ತಿ ಹೋಗಿರಲಿಲ್ಲ...

"ಸಿಸ್ಟರಜ್ಜಿದು," ಅಂದಳು ಮಗಳು.

ಆಗ ನಾವು ರಾಜಗೋಪಾಲನಗರದಲ್ಲಿ ಬಾಡಿಗೆಗೆ ಇದ್ದೆವು. ಮೊದಲ ಮಹಡಿಯಲ್ಲಿ ಎರಡೇ ಮನೆ, ಒಂದು ನಮ್ಮದು, ಎದುರಿನದು ಈ ಸಿಸ್ಟರಜ್ಜಿಯದು. ಎರಡು ಬಾಗಿಲ ನಡುವೆ ಎಷ್ಟು ಜಾಗವೆಂದರೆ, ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ದಾವಣಗೆರೆ ಕಡೆಯವರು. ಹಣೆಯ ಮೇಲೆ ವಿಭೂತಿ, ಯಾವಾಗಲೂ ಗಂಜಿ ಹಾಕಿದ ಕಾಟನ್ ಸೀರೆ. ಮದುವೆ ಮಾಡಿಕೊಂಡಿರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಫಸ್ಟ್ ಏಡ್ ರೂಮಿನಲ್ಲಿ ನರ್ಸಾಗಿದ್ದು ರಿಟೈರಾದವರು. ಬೀದಿಗೆಲ್ಲ ಅವರು ಸಿಸ್ಟರಮ್ಮ. ಹೆಸರು ಬೇರೆ ಇತ್ತು, ಆದರೆ ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಫಸ್ಟ್ ಏಡ್ ರೂಮಿನ ಕಥೆಗಳನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಅರ್ಧ ದಿನ ರಜೆ ಬೇಕಾದವರೆಲ್ಲ ಜ್ವರ ಅಂತ ಅಲ್ಲಿಗೆ ಬರುತ್ತಿದ್ದರಂತೆ. ಥರ್ಮಾಮೀಟರು ತೊಂಬತ್ತೆಂಟಕ್ಕೆ ನಿಂತರೆ ಮುಗಿಯಿತು, "ಹೋಗಪ್ಪ, ನಿನ್ನ ಮಷೀನು ಕಾಯ್ತಾ ಐತೆ" ಅಂತ ವಾಪಸ್ ಕಳಿಸುತ್ತಿದ್ದರು. ಒಬ್ಬ ಮಹಾರಾಯ ಇವರು ಆ ಕಡೆ ತಿರುಗಿದಾಗ ಥರ್ಮಾಮೀಟರನ್ನು ಟೀ ಲೋಟಕ್ಕೆ ಅದ್ದಿಬಿಟ್ಟನಂತೆ. ಪಾದರಸ ನೆತ್ತಿಗೆ ಹತ್ತಿ ಕೂತಿದೆ! "ಈ ಲೆಕ್ಕದಾಗೆ ನೀನು ಬದುಕೇ ಇಲ್ಲಪ್ಪ. ಸತ್ತವನಿಗೆ ಲೀವು ಯಾಕೆ?" ಅಂದರಂತೆ. ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ರಿಟೈರಾದ ಹೊಸದರಲ್ಲಿ ಇಂಜೆಕ್ಷನ್ನಿಗೆ, ಬಿಪಿ ನೋಡಿಸಿಕೊಳ್ಳುವುದಕ್ಕೆ ಜನ ಅವರ ಬಾಗಿಲಿಗೇ ಬರುತ್ತಿದ್ದರಂತೆ. ನಾವು ಬರುವಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಒಬ್ಬೊಬ್ಬರಾಗಿ ಮೇನ್ ರೋಡಿನ ಕ್ಲಿನಿಕ್ಕಿಗೆ ಹೋಗತೊಡಗಿದರು, ಅಷ್ಟೇ. ಇವರೂ ಯಾಕೆ ಅಂತ ಕೇಳಲಿಲ್ಲ. ಡ್ಯೂಟಿಗೆ ಕಟ್ಟುತ್ತಿದ್ದ ವಾಚನ್ನು ಬಿಚ್ಚಿ ಬೀರುವಿನಲ್ಲಿಟ್ಟರು.

ನನ್ನ ಕೆಲಸ ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು. ಬಿಲ್ಡರುಗಳು ನಕ್ಷೆ ಕಳಿಸುತ್ತಾರೆ. ನಾನು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಸೋಫಾ ಇಟ್ಟು, ಕಿಟಕಿಯಲ್ಲಿ ಬೆಳಗಿನ ಬಿಸಿಲು ಬಿಡುತ್ತೇನೆ. ಆ ಬಿಸಿಲು ಚಿತ್ರದಲ್ಲಿ ಸರಿಯಾಗಿ ಮೂಡಬೇಕಾದರೆ ಮಷೀನು ಗಂಟೆಗಟ್ಟಲೆ ಒಂದೇ ಸಮನೆ ದುಡಿಯಬೇಕು. ಸಿಸ್ಟರಮ್ಮ ಮಧ್ಯಾಹ್ನದ ಊಟ ಮುಗಿಸಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಆ ಮನೆಗಳನ್ನು ನೋಡುತ್ತಿದ್ದರು. "ಈ ಮನ್ಯಾಗೆ ಯಾರಿಗೂ ಮಂಡಿನೋವು ಇಲ್ಲ ಅಂತ ಕಾಣ್ತದೆ. ಸೋಫಾ ಅಷ್ಟು ಕೆಳಗಿಟ್ಟೀಯಲ್ಲವ್ವ, ಎದ್ದೇಳೋದು ಹೆಂಗೆ?" ಅವರು ಹೇಳಿದ ಮೇಲೆ ನಾನು ಎಷ್ಟೋ ಸೋಫಾಗಳನ್ನು ಎತ್ತರಿಸಿದ್ದೇನೆ. ಯಾವ ಬಿಲ್ಡರೂ ಕಂಡುಹಿಡಿಯಲಿಲ್ಲ.

ಆ ಬೇಸಿಗೆಯಲ್ಲಿ ಮಷೀನು ಕೆಲಸದ ನಡುವೆ ಫಟ್ಟಂತ ಆರಿಹೋಗತೊಡಗಿತು. ಒಳಗೆ ಬಿಸಿ ಮಿತಿ ಮೀರಿದರೆ ಅದು ತಾನಾಗಿಯೇ ಆರಿಬಿಡುತ್ತದೆ. ಎಷ್ಟು ಬಿಸಿಯಾಗಿದೆ ಅಂತ ನೋಡೋಣವೆಂದರೆ ದೊಡ್ಡ ಸ್ಕ್ರೀನಿನ ತುಂಬ ನನ್ನ ಚಿತ್ರ. ಅದಕ್ಕೆ ನಮ್ಮನೆಯವರು ಒಂದು ಪುಟ್ಟ ಸ್ಕ್ರೀನು ತಂದು, ದೊಡ್ಡದರ ಪಕ್ಕಕ್ಕೆ ಕ್ಲಿಪ್ಪು ಹಾಕಿ ಕೂರಿಸಿದರು. ಅದರ ಕೆಲಸ ಅದೊಂದೇ, ಒಳಗಿನ ಬಿಸಿ ಎಷ್ಟು, ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಸದಾ ತೋರಿಸುತ್ತಿರುವುದು. ಆಗಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ ಮಗಳು ಅದಕ್ಕೆ ಮರಿ ಸ್ಕ್ರೀನು ಅಂತ ಹೆಸರಿಟ್ಟಳು. ಸಿಸ್ಟರಮ್ಮ ಕನ್ನಡಕ ಏರಿಸಿ, ಹತ್ತಿರ ಬಗ್ಗಿ ನೋಡಿದರು.

"ಏನಿದು, ಟೆಂಪರೇಚರ್ರಾ?"

"ಹೂಂ ಸಿಸ್ಟರಮ್ಮ."

ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಪರ ಊರಿನಲ್ಲಿ ತಮ್ಮೂರಿನವರು ಸಿಕ್ಕ ಹಾಗೆ.

ಅದಾದ ಕೆಲವು ದಿನಕ್ಕೆ ಒಂದು ದೊಡ್ಡ ಕೆಲಸ ಬಂತು. ಮಧ್ಯಾಹ್ನ ಮಷೀನಿಗೆ ಚಿತ್ರ ಹೂಡಿ ಕೂತಿದ್ದೆ, ಪಕ್ಕದಲ್ಲಿ ಸಿಸ್ಟರಮ್ಮ. ಅಷ್ಟರಲ್ಲಿ ಸ್ಕೂಲಿನಿಂದ ಫೋನು, ಮಗಳಿಗೆ ಹೊಟ್ಟೆನೋವು, ಬಂದು ಕರೆದುಕೊಂಡು ಹೋಗಿ ಅಂತ. ಚಪ್ಪಲಿ ಮೆಟ್ಟುತ್ತಾ, "ಸಿಸ್ಟರಮ್ಮ, ಇದನ್ನ ಸ್ವಲ್ಪ ನೋಡ್ತಾ ಇರಿ, ಜಾಸ್ತಿ ಆದ್ರೆ ಫೋನ್ ಮಾಡಿ" ಅಂದು ಓಡಿದೆ. ಮೆಟ್ಟಿಲು ಇಳಿಯುವಾಗ ತಿರುಗಿ ನೋಡಿದರೆ, ಅವರು ತಮ್ಮ ಮನೆಗೆ ಹೋಗಿ, ವಾಚು ಕಟ್ಟಿಕೊಳ್ಳುತ್ತಾ ವಾಪಸ್ ಬರುತ್ತಿದ್ದರು.

ಮಗಳನ್ನು ಕರೆದುಕೊಂಡು ಬಂದಾಗ ಕೋಣೆಯಲ್ಲಿ ಸದ್ದೇ ಇಲ್ಲ. ದೊಡ್ಡ ಸ್ಕ್ರೀನು ಕಪ್ಪು, ಮರಿ ಸ್ಕ್ರೀನೂ ಕಪ್ಪು. ಸಿಸ್ಟರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ.

"ಈಗ ತಾನೆ ಹೋಯ್ತವ್ವ," ಅಂದರು. "ಆದ್ರೆ ಜ್ವರ ಏನಿರಲಿಲ್ಲ. ಮೊದಲು ಅರವತ್ತು, ಎಪ್ಪತ್ತು ಇತ್ತು. ನನಗೆ ಗಾಬರಿ, ಮೈ ತಣ್ಣಗಾಗ್ತಾ ಐತೇನೋ ಅಂತ. ಆಮೇಲೆ ಚೆನ್ನಾಗಿ ಏರಿ ತೊಂಬತ್ತೆಂಟಕ್ಕೆ ಬಂತು. ಸದ್ಯ, ಸರಿಹೋಯ್ತು ಅಂದ್ಕೊಂಡೆ. ಸಾಯೋ ಗಳಿಗೆವರೆಗೂ ನಾರ್ಮಲ್ಲೇ ಇತ್ತು."

ನನಗೆ ನಗು ತಡೆಯಲಾಗಲಿಲ್ಲ. ಮಗಳಂತೂ ಹೊಟ್ಟೆನೋವು ಮರೆತು, "ಅಯ್ಯೋ ಅಜ್ಜಿ, ಅದು ಸೆಲ್ಸಿಯಸ್ಸು! ನಿಮ್ಮ ಥರ್ಮಾಮೀಟರಿಂದು ಫ್ಯಾರನ್‌ಹೀಟು! ನೂರಕ್ಕೆ ನೀರೇ ಕುದಿಯುತ್ತೆ!" ಅಂತ ಕುಣಿದಳು. ಸಿಸ್ಟರಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. ವಾಚು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ಹೋದರು. ಬಾಗಿಲು ಮೆಲ್ಲಗೇ ಹಾಕಿಕೊಂಡರು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನಮ್ಮನೆಯವರು ಮಷೀನು ಬಿಚ್ಚಿ ಧೂಳು ತೆಗೆದರು, ಅದು ಮತ್ತೆ ಉಸಿರಾಡಿತು. ಅರ್ಧಕ್ಕೆ ನಿಂತ ಚಿತ್ರವನ್ನು ಮೊದಲಿನಿಂದ ಹೂಡಿ ಹೇಗೋ ಕಳಿಸಿಯೂ ಆಯಿತು. ಆದರೆ ಪಕ್ಕದ ಕುರ್ಚಿ ಖಾಲಿ. ಸೋಫಾ ಎಷ್ಟು ಎತ್ತರಕ್ಕಿಡಬೇಕು ಅಂತ ನನಗೆ ತಿಳಿಯದೇ ಹೋಯಿತು...

ಕೊನೆಗೆ ಒಂದು ಬಟ್ಟಲು ಅವಲಕ್ಕಿ ಹಿಡಿದುಕೊಂಡು ನಾನೇ ಹೋದೆ. ಒಳಗೆ ಕರೆದು ಕೂರಿಸಿದರು. ನೆಲ ನೋಡುತ್ತಾ ಹೇಳಿದರು.

"ಕೈ ಹೋಯ್ತು, ಹೋಗಲಿ. ತಲೆಯಾದ್ರೂ ನೆಟ್ಟಗಿದೆ ಅಂದ್ಕೊಂಡಿದ್ದೆ ಕಣವ್ವ. ಸೆಲ್ಸಿಯಸ್ಸು ನನಗೆ ಗೊತ್ತಿಲ್ವಾ? ಟ್ರೈನಿಂಗಿನಾಗೆ ಬಾಯಿಪಾಠ ಮಾಡೀನಿ. ಆವತ್ತು ಯಾಕೆ ಹೊಳೀಲಿಲ್ಲ? ರಾತ್ರಿ ಎಲ್ಲ ಅದೇ ಯೋಚನೆ. ತಲೇನೂ ಹೋಗ್ತಾ ಐತಾ ಅಂತ..."

ಅವರಿಗೆ ಅಷ್ಟು ನೋವಾದದ್ದು ನಮ್ಮ ನಗುವಿನಿಂದ ಅಂದುಕೊಂಡಿದ್ದೆ. ಅಲ್ಲ, ಭಯದಿಂದ. "ಸಿಸ್ಟರಮ್ಮ, ನಿಮ್ಮ ಡ್ಯೂಟೀಲಿ ಇಂಥದ್ದು ಆಗಿದ್ರೆ ಏನ್ ಮಾಡ್ತಿದ್ರಿ?" ಅಂತ ಸುಮ್ಮನೆ ಕೇಳಿದೆ.

ಅವರು ತಲೆ ಎತ್ತಿದರು. "ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಯಾರು ಕೊಟ್ರು ಅಂತ ಮೊದಲು ಕೇಳ್ತಿದ್ದೆ," ಅಂದರು. ಆಮೇಲೆ ನಿಧಾನಕ್ಕೆ, ತಮಗೇ ಹೇಳಿಕೊಳ್ಳುವ ಹಾಗೆ: "ಕೊಟ್ಟೇ ಇಲ್ಲ. ಪೇಷೆಂಟಿಗೆ ಏನು ತೊಂದರೆ, ಎಷ್ಟಿದ್ರೆ ನಾರ್ಮಲ್, ಎಷ್ಟಕ್ಕೆ ಕೂಗಬೇಕು, ಒಂದೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಓಡಿದೆಯಲ್ಲೇ ನೀನು!"

"ಹೂಂ ಮತ್ತೆ," ಅಂದೆ.

"ನಮ್ಮ ಟ್ರೈನಿಂಗಿನ ಮೇಟ್ರನಮ್ಮ ಇದ್ದಿದ್ರೆ ನಿನ್ನ ಸೀರೆ ಸೆರಗು ಹಿಡಿದು ವಾಪಸ್ ಎಳ್ಕೊಂಡು ಬರೋಳು." ಅವಲಕ್ಕಿಗೆ ಕೈ ಹಾಕಿದರು. ನನಗೆ ಸಮಾಧಾನವಾಯಿತು.

ಆ ಸಂಜೆಯೇ ಅವರ ಸಲುವಾಗಿ ನಮ್ಮನೆಯವರು ಮರಿ ಸ್ಕ್ರೀನನ್ನು ಫ್ಯಾರನ್‌ಹೀಟಿಗೆ ಬದಲಾಯಿಸಿದರು. ಮಷೀನು ಸುಮ್ಮನೆ ಕೂತಿದ್ದಾಗಲೇ ನೂರಮೂವತ್ತರ ಹತ್ತಿರ ತೋರಿಸಿತು. ಸಿಸ್ಟರಮ್ಮ ನೋಡಿ, "ಇದನ್ನು ದಿನಾ ನೋಡ್ತಾ ಕೂತ್ರೆ ನನಗೇ ಬಿಪಿ ಬರ್ತದೆ. ಹಳೇದೇ ಹಾಕ್ರಿ," ಅಂದರು. ಮನೆಗೆ ಹೋಗಿ ತಮ್ಮ ಔಷಧದ ಡಬ್ಬಿ ತಂದರು. ಪ್ಲಾಸ್ಟರ್ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ಮೇಜಿನ ಮೇಲಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು 90 ಅಂತ ಬರೆದು ಸ್ಕ್ರೀನಿನ ಅಂಚಿಗೆ ಅಂಟಿಸಿದರು. ಅದರ ಮೇಲೆ ಹೋದರೆ ಕಿಟಕಿ ತೆರೆದು ಟೇಬಲ್ ಫ್ಯಾನು ಆ ಕಡೆ ತಿರುಗಿಸುವುದು. ಅದಕ್ಕೂ ಇಳಿಯದಿದ್ದರೆ ನನಗೆ ಫೋನು.

ಅಲ್ಲಿಂದ ಮುಂದೆ ನಾನು ಅಂಗಡಿಗೆ ಹೋಗಬೇಕಾದರೂ ಸರಿ, ಸ್ಕೂಲಿಗಾದರೂ ಸರಿ, ಹ್ಯಾಂಡೋವರ್ ಕೊಡದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅವರು ವಾಚು ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನೂ ಎದುರಿಗೆ ನಿಂತು ಒಪ್ಪಿಸಬೇಕು. "ಬೆಳಿಗ್ಗೆಯಿಂದ ಎಂಬತ್ತರ ಆಸುಪಾಸು. ಅಡುಗೆಮನೆ ಚಿತ್ರ ನಡೀತಾ ಇದೆ. ಫ್ಯಾನು ಸದ್ದು ಮಾಡ್ತಿದೆ, ಆದ್ರೆ ಭಯ ಇಲ್ಲ." ಎಲ್ಲ ಕೇಳಿಸಿಕೊಂಡು, "ಸರಿ, ನೀ ಹೊರಡು," ಅನ್ನುತ್ತಿದ್ದರು. ವಾಪಸ್ ಬಂದಾಗ ಅವರು ನನಗೆ ಒಪ್ಪಿಸುತ್ತಿದ್ದರು. ಒಮ್ಮೊಮ್ಮೆ ಅದರಲ್ಲಿ ಬೇರೆ ವಾರ್ಡಿನ ಸುದ್ದಿಯೂ ಇರುತ್ತಿತ್ತು. "ಎಂಬತ್ತೈದು ದಾಟಲಿಲ್ಲ. ಕೆಳಗಿನ ಮನೆಯೋಳು ಗಂಡನ ಜೊತೆ ಮಾತು ಬಿಟ್ಟಾಳೆ. ಅಡುಗೆಮನೆ ಚೆಂದ ಬಂದೈತೆ, ಆದ್ರೆ ಬೆಳಗಿನ ಬಿಸಿಲು ಆ ಕಡೆಯಿಂದ ಬರಲ್ಲವ್ವ, ಪೂರ್ವ ಒಲೆ ಕಡೆಗೈತೆ."

ನಮ್ಮನೆಯವರು ಹೊಸ ಫ್ಯಾನು ಹಾಕಿಸಿದ ಮೇಲೆ ಮಷೀನಿಗೆ ನಿಜವಾಗಿ ಕಾವಲೇ ಬೇಕಿರಲಿಲ್ಲ. ಅದು ನನಗೂ ಗೊತ್ತಿತ್ತು, ಬಹುಶಃ ಅವರಿಗೂ... ಯಾರೂ ಆ ಮಾತೆತ್ತಲಿಲ್ಲ.

ಹೀಗೆ ಎರಡು ಬೇಸಿಗೆ ಕಳೆದವು. ಮೂರನೆಯದು ಬರುವ ಮೊದಲೇ ಸಿಸ್ಟರಮ್ಮನಿಗೆ ಉಬ್ಬಸ ಹೆಚ್ಚಾಯಿತು. ಎದೆಯಲ್ಲಿ ನೀರು ತುಂಬಿದೆ, ಅಡ್ಮಿಟ್ ಮಾಡಿ ಅಂದರು ಡಾಕ್ಟರು. ಊರಿನಿಂದ ಅವರ ಅಣ್ಣನ ಮಗ ಬಂದ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಬೇಕು, ಆಗ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತಾ ನನಗೆ ಒಪ್ಪಿಸಿದರು. ತುಳಸಿಗೆ ಒಂದು ಲೋಟ ನೀರು ಸಾಕು. ಗ್ಯಾಸು ಬಂದ್ ಆಗಿದೆ. ಹಾಲಿನವನಿಗೆ ಹೇಳಿಬಿಡು. ನಿನ್ನ ಮಷೀನಿನ ಫ್ಯಾನು ನಿನ್ನೆಯಿಂದ ಕಟಕಟ ಅಂತಿದೆ, ಯಜಮಾನರಿಗೆ ತೋರಿಸು.

"ಸರಿ ಸಿಸ್ಟರಮ್ಮ, ನೀವು ಹೊರಡಿ," ಅಂದೆ.

ಆಸ್ಪತ್ರೆಗೆ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ವಾರ್ಡಿನ ಹುಡುಗಿ ಆಗಷ್ಟೇ ಜ್ವರ ನೋಡಿ ಹೋಗಿದ್ದಳು. ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಎಷ್ಟಂತೆ?"

"ತೊಂಬತ್ತೆಂಟು."

"ಯಾವ ಲೆಕ್ಕದಾಗೆ?"

ಇಬ್ಬರಿಗೂ ನಗು. ಅವರಿಗೆ ನಕ್ಕು ಕೆಮ್ಮು ಬಂತು, ಬೆನ್ನು ನೀವಿದೆ. ಹೊರಡಲು ಎದ್ದಾಗ ಮಂಚದ ಆ ಕಡೆ ಕೂತಿದ್ದ ಅಣ್ಣನ ಮಗನನ್ನು ಕಣ್ಣಲ್ಲೇ ತೋರಿಸಿದರು. "ಹ್ಯಾಂಡೋವರ್ ಕೊಟ್ಟು ಹೋಗವ್ವ."

ಕೊಟ್ಟೆ. ನಾಲ್ಕು ಚಮಚ ಗಂಜಿ ಕುಡಿದಿದ್ದಾರೆ. ಎಡಕ್ಕೆ ಮಲಗಿದರೆ ಉಸಿರು ಹಗುರ. ಒಂದು ಸಲ ನಕ್ಕರು. ಆ ಹುಡುಗ ಏನೂ ತಿಳಿಯದೆ ತಲೆಯಾಡಿಸಿದ. ಸಿಸ್ಟರಮ್ಮ ಮಾತ್ರ ಒಂದೊಂದನ್ನೂ ಗಮನವಿಟ್ಟು ಕೇಳಿಸಿಕೊಂಡರು.

ಮಾರನೇ ಬೆಳಿಗ್ಗೆ ಅವನು ಫೋನು ಮಾಡಿದ. "ನಿದ್ದೇಲೇ ಹೋದ್ರು ಅಕ್ಕ. ಜ್ವರ ಗಿರ ಏನೂ ಇರಲಿಲ್ಲ. ಎಲ್ಲ ನಾರ್ಮಲ್ಲೇ ಇತ್ತು."

ನಾವು ಆ ಮನೆ ಬಿಟ್ಟು ಎಷ್ಟೋ ವರ್ಷವಾಯಿತು. ಈಗಿನ ಮನೆಯಲ್ಲಿ ಎದುರು ಬಾಗಿಲಿನವರ ಮುಖವೂ ನನಗೆ ಸರಿಯಾಗಿ ಗೊತ್ತಿಲ್ಲ. ಹೊಸ ಮಷೀನು ತಣ್ಣಗಿರುತ್ತದೆ, ಸದ್ದೇ ಮಾಡುವುದಿಲ್ಲ, ಮರಿ ಸ್ಕ್ರೀನು ಬೇಕಾಗಿಯೇ ಇರಲಿಲ್ಲ. ಆದರೂ ಮಗಳು ವೈರು ಹುಡುಕಿ ಜೋಡಿಸಿದಳು. ಪ್ಲಾಸ್ಟರ್ ಕೀಳಲು ಹೋದ ಅಪ್ಪನ ಕೈಗೆ ಒಂದು ಏಟು ಕೊಟ್ಟಳು. ಸ್ಕ್ರೀನು ಎರಡು ಸಲ ಮಿಣುಕಿ ಹೊತ್ತಿಕೊಂಡಿತು. ನಲವತ್ತೊಂದು.

ನಿನ್ನೆ ಮಧ್ಯಾಹ್ನ ಒಂದು ಚಿತ್ರ ಹೂಡಿ, ತರಕಾರಿ ತರಲು ಚಪ್ಪಲಿ ಮೆಟ್ಟಿಕೊಂಡೆ. ಮಗಳು ಮೊಬೈಲು ಕೆಳಗಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ, ಮರಿ ಸ್ಕ್ರೀನಿನ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆ.

"ಸರಿ," ಅಂದಳು, "ನೀ ಹೊರಡು."