‘ಯಾವ ಎಣ್ಣಿರಿ?’ ಎಂದು ಕೇಳಿದ ಅಧಿಕಾರಿ

ಬಸವನ ಬಾಗೇವಾಡಿಯ ಸಹಾಯಕ ಕೃಷಿ ನಿರ್ದೇಶಕರ ಹುದ್ದೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಜಯಮಾಲಾ ಬಿರಾದಾರ ಅವರನ್ನು ಬೀಜ-ಗೊಬ್ಬರದ ಅಧಿಕಾರಿಯೆಂದು ಬಲ್ಲವರು ಬಹಳ ಮಂದಿ. ಬಡಿಗರ ಅಂಗಡಿಗಳಿಗೆ ನುಗ್ಗಿ ಜಗಳಾಡಿದ ಅಧಿಕಾರಿಯೆಂದು ಬಲ್ಲವರು ನಮ್ಮಂಥ ಕೆಲವರೇ. ಕೀಟನಾಶಕ ಕಾಯ್ದೆ ಹೊಲದ ಬದುವಿಗೇ ಮುಗಿಯುವುದಿಲ್ಲ, ಮರಕ್ಕೆ ಹಚ್ಚುವ ಗೆದ್ದಲಿನ ವಿಷಕ್ಕೂ ಅದು ಅನ್ವಯಿಸುತ್ತದೆ ಎಂಬುದನ್ನು ಈ ಭಾಗದಲ್ಲಿ ಅವರಷ್ಟು ಹಟದಿಂದ ಹೇಳಿದವರು ಇನ್ನೊಬ್ಬರಿಲ್ಲ.

ಲಚ್ಯಾಣದಲ್ಲಿ ಹುಟ್ಟಿದ ಅವರು ಹತ್ತಿರದ ಇಂಡಿಯಲ್ಲೇ ಸೇವೆಗೆ ಸೇರಿದರು. ನಮ್ಮ ಕಡೆ ತಲೆಗೆ ಹಚ್ಚುವುದೂ ಎಣ್ಣಿ, ಹೊಲಕ್ಕೆ ಹೊಡೆಯುವ ವಿಷವೂ ಎಣ್ಣಿ. ಈ ಒಂದು ಮಾತಿನಿಂದ ಎಷ್ಟು ಮನೆ ಹಾಳಾದವೋ ಎಂದು ಅವರು ಹಲುಬುತ್ತಿದ್ದರು. ಸಿಂದಗಿಗೆ ವರ್ಗವಾದ ಮೇಲೆ, ನಿಷೇಧವಾದ ಹಳೆಯ ವಿಷವನ್ನು ಚೀಟಿಯಿಲ್ಲದ ಡಬ್ಬಿಗಳಲ್ಲಿ ತುಂಬಿ ಬಡಿಗರಿಗೆ ಮಾರುತ್ತಿದ್ದ ಅಂಗಡಿಗೆ ಬೀಗ ಜಡಿಸಿದರು. ಮುದ್ದೇಬಿಹಾಳದಲ್ಲಿ ಬೇರೆಯೇ ಹಾದಿ ಹಿಡಿದರು: ಬಡಿಗರನ್ನು ಕೂಡಿಸಿ, ಚಹಾ ಕುಡಿಸಿ, ಮಕ್ಕಳು ಮುಟ್ಟುವ ಸಾಮಾನಿಗೆ ಚೆನ್ನಾಗಿ ಒಣಗಿದ ಮರ ಮತ್ತು ಅಗಸಿ ಎಣ್ಣೆ ಸಾಕೆಂದು ಒಪ್ಪಿಸಿದರು. “ಯಾವ ಎಣ್ಣಿರಿ?” ಎಂದೇ ಮಾತು ಶುರು ಮಾಡುತ್ತಿದ್ದುದರಿಂದ ಕಚೇರಿಯ ನಾವೆಲ್ಲ ಬೆನ್ನ ಹಿಂದೆ ಅವರಿಗೆ ಅದೇ ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು.

ಬಾಗೇವಾಡಿಗೆ ಬಂದ ವರ್ಷವೇ ಅವರಿಗೆ ಅಗ್ನಿಪರೀಕ್ಷೆಯಾಯಿತು. ಮಸೂತಿ ಗ್ರಾಮದ ರೈತ ಮಹಿಳೆ ರೇವವ್ವನವರು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ಕೆ ಕರೆದಿದ್ದರು. ಹರಕೆ ಹೊತ್ತು ಬಹಳ ಕಾದು ಪಡೆದ ಕೂಸು. ಬಳಗವೆಲ್ಲ ನೆರೆದಿತ್ತು. ಇನ್ನೇನು ಕೂಸನ್ನು ಹೊಸ ತೊಟ್ಟಿಲಿಗೆ ಹಾಕಬೇಕು, ಅಷ್ಟರಲ್ಲಿ ಜಯಮಾಲಾ ಅವರ ಮೂಗಿಗೆ ಘಾಟು ಬಡಿಯಿತು. ಕೇಳಬೇಕೋ, ಬಾಯಿ ಮುಚ್ಚಿಕೊಂಡು ಕೂರಬೇಕೋ? ಕೇಳಿಯೇಬಿಟ್ಟರು.

“ಆಯಿ, ಇದಕ್ಕ ಯಾವ ಎಣ್ಣಿ ಹಚ್ಚ್ಯಾರ?”

“ಛಲೋ ಎಣ್ಣೀನ ಹಚ್ಚ್ಯಾನ್ರಿ ಮಾನಪ್ಪ ಬಡಿಗ್ಯಾ. ಹುಳ ಹತ್ತೂದಿಲ್ಲ ಅಂದಾನ,” ಎಂದರು ರೇವವ್ವ.

“ಹುಳ ಸಾಯೂ ಎಣ್ಣಿ ಅದು. ಕೂಸು ತೊಟ್ಟಿಲಾ ನೆಕ್ಕತೈತಿ. ಹಾಕಬ್ಯಾಡ್ರಿ.”

ರೇವವ್ವನವರು ಸಿಡಿದರು. “ಶುಭ ಹೊತ್ತಿನ್ಯಾಗ ಅಡ್ಡ ಬಂದ್ರಲ್ಲ ಬಾಯಾರ. ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ್ರಿ.”

ಜಯಮಾಲಾ ಅವರು ಬಾಣಂತಿಗೆ ಆಯೇರಿ ಮಾಡಲೆಂದು ತಂದಿದ್ದ ಇಳಕಲ್ ಸೀರೆಯನ್ನು ಬಿಚ್ಚಿ, ತಾವೇ ತೊಲೆಗೆ ಜೋಲಿ ಕಟ್ಟಿದರು. ಕೂಸಿನ ತಾಯಿ ವಿಜಯಶ್ರೀ ಮಗಳನ್ನು ಅದರಲ್ಲಿ ಮಲಗಿಸಿದಳು. ಪಲ್ಲವಿ ಎಂದು ಹೆಸರಾಯಿತು. ಜಯಮಾಲಾ ಅವರು ಉಣ್ಣದೆ ಹಿಂದಿರುಗಿದರು. ದಾರಿಯುದ್ದಕ್ಕೂ ಅತ್ತರೆಂದು ಜೀಪಿನ ಚಾಲಕ ಯುನೂಸ ಹೇಳಿದ. ಮಾನಪ್ಪನ ಡಬ್ಬಿ ಜಪ್ತಿಯಾಗಿ ಪ್ರಯೋಗಾಲಯಕ್ಕೆ ಹೋಯಿತು. ನಿಷೇಧಿತ ವಿಷವೆಂದೇ ವರದಿ ಬಂತು. ಮಾರಿದವನ ಮೇಲೆ ಮೊಕದ್ದಮೆ ಹೂಡಿದರು, ಮಾನಪ್ಪನಿಗೆ ಅಗಸಿ ಎಣ್ಣೆಯ ಪಾಠ ಹೇಳಿದರು. ಆದರೆ ಮಸೂತಿಯಿಂದ ಮಾತಿಲ್ಲ, ಕತೆಯಿಲ್ಲ. ವರ್ಷಗಳೇ ಉರುಳಿದರೂ ಆ ಕೊರಗು ಅವರನ್ನು ಬಿಡಲಿಲ್ಲ.

ಕಳೆದ ವಾರ ನಮ್ಮ ಅಭಿನಂದನ ಸಮಿತಿ ಕಚೇರಿಯಲ್ಲಿ ಸೇರಿದ್ದಾಗ ಅವರಿಗೆ ಫೋನ್ ಬಂತು. ರೇವವ್ವನವರು. ವಿಜಯಶ್ರೀಗೆ ಎರಡನೆಯ ಕೂಸಾಗಿತ್ತು. ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

“ತೊಟ್ಟಿಲಾ ಬಂದೈತ್ರಿ ಬಾಯಾರ. ನೀವು ಬಂದು ಮೂಸಿ ನೋಡೂತನಾ ಕೂಸಿನ್ನ ಹಾಕೂದಿಲ್ಲ.”

“ನಾ ರಿಟಾಯರ್ ಆಗಾಕತ್ತೇನಿ ಆಯಿ. ಇನ್ನ ಅಧಿಕಾರ ಇರೂದಿಲ್ಲ.”

“ಅಧಿಕಾರ ಯಾರಿಗೆ ಬೇಕಾಗೇತ್ರಿ? ಮೂಗ ಐತಿಲ್ಲೋ?”

ನಗುತ್ತಲೇ ಕಣ್ಣೊರೆಸಿಕೊಂಡ ಜಯಮಾಲಾ ಅವರು, ತಮ್ಮ ಸನ್ಮಾನವನ್ನು ಒಂದು ದಿನ ಮುಂದೂಡಲು ನಮಗೆ ಅಪ್ಪಣೆ ಮಾಡಿದರು. ಸನ್ಮಾನಕ್ಕೆ ಗೊತ್ತಾಗಿದ್ದ ದಿನವೇ ಮಸೂತಿಯಲ್ಲಿ ತೊಟ್ಟಿಲ ಕಾರ್ಯವಂತೆ. ಮುಂದೂಡಿದ್ದೇವೆ. ಅವರು ನೂರ್ಕಾಲ ಬಾಳಲಿ, ಊರೂರ ತೊಟ್ಟಿಲುಗಳು ಅವರನ್ನು ಹೀಗೇ ಕರೆಯುತ್ತಿರಲಿ. ಹಾರ-ತುರಾಯಿ ಕಾಯಬಹುದು, ಕೂಸು ಕಾಯಬಾರದು.