ತೋಡಿನಾಚೆಯ ಹೆಂಗಸರ ಓಟು

ಬೇಯಿಸಿದ ಹಲಸಿನ ಸೊಳೆಯನ್ನು ಕಲ್ಲಿಗೆ ಹಾಕಿ ಗುದ್ದಿ, ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಮುದ್ದೆ ಕಟ್ಟಿ ಆಗಿತ್ತು. ಹಲಸಿನ ಹಪ್ಪಳದ ಮುದ್ದೆ ಕಾಯುವಂಥದ್ದಲ್ಲ. ಬಿಸಿ ಆರುವ ಮೊದಲು ಒತ್ತಬೇಕು, ತಣಿದರೆ ಅಂಚು ಸೀಳುತ್ತದೆ. ಹಾಗಾಗಿ ಆ ಬೆಳಿಗ್ಗೆ ಅಂಗಳದಲ್ಲಿ ಮಣೆ ಹಾಕಿ ಕೂತ ನಾನಾಗಲಿ ನನ್ನ ಅಮ್ಮನಾಗಲಿ ತಲೆ ಎತ್ತಿರಲಿಲ್ಲ. ನಾನು ಎಣ್ಣೆ ಸವರಿದ ಬಾಳೆಲೆಯ ಮೇಲೆ ಉಂಡೆ ಇಡುವುದು, ಅಮ್ಮ ಇನ್ನೊಂದು ಎಲೆ ಮುಚ್ಚಿ ಮಣೆಯಿಂದ ಒತ್ತುವುದು, ಮಗಳು ಅದನ್ನು ಚಾಪೆಗೆ ಒಯ್ದು ಬಿಡಿಸಿ ಹಾಕುವುದು. ಆಗ ನನ್ನ ಗಂಡ ಪೇಟೆಯಿಂದ ಬಂದರು. ಕಾಲು ಕೂಡ ತೊಳೆಯದೆ ಜಗಲಿಯ ಅಂಚಿನಲ್ಲಿ ಕೂತು, "ನಮ್ಮ ಲೆಕ್ಕ ಎಲ್ಲ ತಪ್ಪಿತು," ಎಂದರು.

ಎಂತ ಲೆಕ್ಕ ಎಂದು ಹೇಳಬೇಕಾದರೆ ನಮ್ಮ ತೋಡಿನಿಂದ ಹೊರಡಬೇಕು.

ಅದು ಎಲ್ಲರಿಗೂ ಓಟು ಬರುವುದಕ್ಕೆ ಮೊದಲಿನ ಕಾಲ. ಕಾಸರಗೋಡಿನ ಕಡೆಯ ಊರುಗಳೆಲ್ಲ ಆಗ ಮದ್ರಾಸಿಗೆ ಸೇರಿದ್ದವು. ನಮ್ಮ ಪೇಟೆ ಎಂದರೆ ಒಂದು ರಸ್ತೆ, ಎರಡು ಬದಿಯಲ್ಲಿ ಅಂಗಡಿ, ತುದಿಯಲ್ಲಿ ಪಂಚಾಯತು ಬೋರ್ಡಿನ ಹಂಚಿನ ಕಟ್ಟಡ. ಪೇಟೆಗೂ ನಮ್ಮ ಓಣಿಗೂ ನಡುವೆ ಒಂದು ತೋಡು ಹರಿಯುತ್ತಿತ್ತು. ಬೇಸಗೆಯಲ್ಲಿ ಅದನ್ನು ಕೋಳಿಯೂ ದಾಟುತ್ತಿತ್ತು, ಮಳೆಗಾಲದಲ್ಲಿ ಎತ್ತೂ ದಾಟುತ್ತಿರಲಿಲ್ಲ. ಎರಡು ಅಡಕೆ ಮರ ಜೋಡಿಸಿ ಕಟ್ಟಿದ ಕಾಲುಸೇತುವೆ ಒಂದಿತ್ತು, ನಾವು ಅದಕ್ಕೆ ಸಂಕ ಎನ್ನುತ್ತೇವೆ. ಹಿಡಿದುಕೊಳ್ಳಲು ಒಂದು ಬಿದಿರು. ಪಾಚಿ ಕಟ್ಟಿದ ಮೇಲೆ ದೇವರ ನಾಮ ಹೇಳಿಕೊಂಡೇ ಅದರ ಮೇಲೆ ಕಾಲಿಡಬೇಕು. ನನಗೆ ಕಂಠಪಾಠವಾದ ನಾಮಗಳಲ್ಲಿ ಅರ್ಧ ಆ ಸಂಕದ ಮೇಲೆ ಕಲಿತದ್ದು.

ಹಿಂದಿನ ವರ್ಷ ಆಟಿ ತಿಂಗಳ ಜೋರು ಮಳೆಯಲ್ಲಿ ಮಗಳು ಶಾಲೆಯಿಂದ ಬರುವಾಗ, ಕರೆಯಲು ಹೋದ ನನ್ನ ಕಣ್ಣೆದುರೇ ಅಲ್ಲಿಂದ ಜಾರಿ ನೀರಿಗೆ ಬಿದ್ದಿದ್ದಳು. ದಡದಲ್ಲಿ ಕೆಸುವಿನ ಎಲೆ ಕೊಯ್ಯುತ್ತಿದ್ದ ನೆರೆಮನೆಯಾಕೆ ಜಡೆ ಹಿಡಿದು ಎಳೆದಳು. ಆಕೆ ಆ ಹೊತ್ತಿಗೆ ಅಲ್ಲಿದ್ದದ್ದು ದೇವರು ಮಾಡಿದ ಒಂದು ಉಪಕಾರ. ಹೇನಿನ ಕಾಟಕ್ಕೆ ಜಡೆ ಕತ್ತರಿಸಲು ಹೊರಟಿದ್ದ ನನ್ನನ್ನು ಅಮ್ಮ ಅದಕ್ಕೆ ಸ್ವಲ್ಪ ಮೊದಲೇ ತಡೆದದ್ದು ಇನ್ನೊಂದು. ಸ್ಲೇಟು ಹೋಯಿತು, ಮಗು ಉಳಿಯಿತು. ಆ ಮಳೆಗಾಲ ಮುಗಿಯುವವರೆಗೆ ಅವಳ ಅಪ್ಪ ಹೊತ್ತು ದಾಟಿಸಿದರು. ಆದರೆ ಮುಂದಿನ ವರ್ಷಕ್ಕೆ ಅವಳು ಹೊರುವ ಪ್ರಾಯದವಳಲ್ಲ. ಒಳ್ಳೆಯ ಸಂಕ ಆಗದಿದ್ದರೆ ಬರುವ ಮಳೆಗಾಲಕ್ಕೆ ಮಗು ಶಾಲೆಗೆ ಹೋಗುವುದು ಬೇಡ ಎಂದು ಅಮ್ಮ ಖಂಡಿತವಾಗಿ ಹೇಳಿಬಿಟ್ಟಿದ್ದರು. ನಮ್ಮ ಕಡೆ ಒಂದು ಮಳೆಗಾಲ ಶಾಲೆ ಬಿಟ್ಟ ಹುಡುಗಿ ಮತ್ತೆ ಚೀಲ ಹಿಡಿದದ್ದನ್ನು ನಾನು ಕಂಡಿಲ್ಲ. ನನ್ನದೂ ಹಾಗೆಯೇ ನಿಂತದ್ದು. ಅದಕ್ಕೇ ಅಮ್ಮನ ಮಾತು ನನಗೆ ತಾಗಿತ್ತು. ಎದುರು ಹೇಳಲೂ ಬಾಯಿ ಇರಲಿಲ್ಲ, ಮಗು ಮುಳುಗಿದ್ದನ್ನು ಕಣ್ಣಾರೆ ಕಂಡವಳು ನಾನೇ.

ನಮ್ಮವರು ಪೇಟೆಯ ಶಾಲೆಯಲ್ಲಿ ಮಾಸ್ಟ್ರು. ಅವರೂ ಪೇಟೆಯ ಕೆಲವರೂ ಸೇರಿ ನಾಗರಿಕರ ಸಮಿತಿ ಎಂದು ಒಂದನ್ನು ಮಾಡಿಕೊಂಡಿದ್ದರು. ದರ್ಜಿಯ ಅಂಗಡಿಯ ಜಗಲಿಯಲ್ಲಿ ಸಭೆ. ಚರಂಡಿ ಕಟ್ಟಿಸಬೇಕು, ಬೀದಿ ದೀಪಕ್ಕೆ ಎಣ್ಣೆ ಹಾಕಿಸಬೇಕು, ತೋಡಿಗೆ ಕಲ್ಲಿನ ಕಂಬದ ಸಂಕ ಆಗಬೇಕು ಎಂದು ಅವರು ಬೋರ್ಡಿಗೆ ಹೇಳಿ ಹೇಳಿ ಸೋತಿದ್ದರು. ಬೋರ್ಡಿನ ಅಧ್ಯಕ್ಷರು ಕೆಟ್ಟವರಲ್ಲ. ಯಾರು ಹೋದರೂ ಕೂರಿಸಿ ಎಲೆ ಅಡಕೆ ಕೊಡುವವರು. ಆದರೆ ಬಹಳ ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು, ಊರು ಇರುವ ಹಾಗೇ ಇರಲಿ ಎಂಬ ಅಭ್ಯಾಸ ಆಗಿಬಿಟ್ಟಿತ್ತು. ತೋಡಿನಾಚೆಯ ಹೆಂಗಸರಿಗೆ ಮಳೆಗಾಲದಲ್ಲಿ ಪೇಟೆಯಲ್ಲಿ ಎಂತ ಕೆಲಸ ಎಂದು ಒಮ್ಮೆ ಕೇಳಿದ್ದರಂತೆ. ಅವರು ಬೇರೆ ಯಾರೂ ಅಲ್ಲ, ಅಮ್ಮನ ಚಿಕ್ಕಮ್ಮನ ಮಗ. ತೋಡಿನ ಆ ದಡದಲ್ಲಿ, ಪೇಟೆಯ ರಸ್ತೆ ಬದಿಯಲ್ಲಿರುವ ನಮ್ಮ ಹಿರಿಮನೆಯ ಯಜಮಾನರು.

ಸಮಿತಿಯವರು ಆ ವರ್ಷದ ಬೋರ್ಡಿನ ಚುನಾವಣೆಯಲ್ಲಿ ನಮ್ಮ ಭಾಗಕ್ಕೆ ದರ್ಜಿಯನ್ನೇ ಅಧ್ಯಕ್ಷರ ಎದುರು ನಿಲ್ಲಿಸಿದರು. ಚಳಿಗಾಲ ಇಡೀ ನಮ್ಮವರು ಓಣಿಯ ಗಂಡಸರನ್ನು ಒಬ್ಬೊಬ್ಬರಾಗಿ ಹಿಡಿದು ಮಾತಾಡಿಸಿದರು. ಎಲ್ಲರೂ ಹೂಂ ಎಂದಿದ್ದರು. ಗೆದ್ದೆವು ಎಂದೇ ಲೆಕ್ಕ ಹಾಕಿದ್ದರು.

ಆ ಲೆಕ್ಕ ತಪ್ಪಿದ ಸುದ್ದಿಯನ್ನೇ ಆ ಹಪ್ಪಳದ ಬೆಳಿಗ್ಗೆ ಅವರು ಹಿಡಿದುಕೊಂಡು ಬಂದದ್ದು. ಮನೆ ತೆರಿಗೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಓಟು ಎಂದು ಬೋರ್ಡಿನಲ್ಲಿ ಹೇಳಿದರಂತೆ. ನಮ್ಮ ಕುಟುಂಬಗಳಲ್ಲಿ ಮನೆ ಬರುವುದು ತಾಯಿಯಿಂದ ಮಗಳಿಗೆ. ಹಿರಿಮನೆ ಪಾಲಾದಾಗ ಅಕ್ಕ ತಂಗಿಯರಿಗೆ ಒಂದೊಂದು ಮನೆ ಎಂದು ಕಟ್ಟಿದ ಓಣಿ ಅದು. ಗಂಡಸರೆಲ್ಲ ಅಲ್ಲಿಗೆ ಮದುವೆಯಾಗಿ ಬಂದವರು. ನಮ್ಮವರ ಓಟು ಇದ್ದರೂ ವರ್ಕಾಡಿಯ ಅವರ ತಾಯಿಮನೆಯ ಲೆಕ್ಕದಲ್ಲಿ ಎಲ್ಲಿಯೋ ಇದ್ದೀತು. ಅವರು ಹೂಂ ಎನಿಸಿದ ಗಂಡಸರಲ್ಲಿ ಒಬ್ಬರಿಗೂ ನಮ್ಮ ಭಾಗದಲ್ಲಿ ಕೈ ಎತ್ತುವ ಹಕ್ಕಿರಲಿಲ್ಲ.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಹತ್ತಿರ ಎದುರೆದುರು ಮಾತಾಡುವ ಕ್ರಮ ಇಲ್ಲ. ಹೇಳುವುದಿದ್ದರೆ ಮಗಳಿಗೆ ಹೇಳಬೇಕು, ಅಳಿಯ ಕೇಳಿಸಿಕೊಳ್ಳಬೇಕು. ಅಮ್ಮ ಮಣೆ ಒತ್ತುತ್ತಲೇ ನನ್ನ ಕಡೆ ನೋಡಿ ಹೇಳಿದರು.

"ಇಷ್ಟು ವರ್ಷ ಉಂಡು ಮಲಗಿದ ಮನೆ ಯಾರದ್ದು ಅಂತ ಮಾಸ್ಟ್ರಿಗೆ ಈಗ ಗೊತ್ತಾದ್ದಾ, ಕೇಳು ಮಾರಾಯ್ತಿ."

ನಮ್ಮವರಿಗೆ ನಗು ಬರಲಿಲ್ಲ. ನನಗೆ ಬಂತು, ಉಂಡೆಯ ಕಡೆ ಬಗ್ಗಿ ನುಂಗಿಕೊಂಡೆ. ಅಧ್ಯಕ್ಷರು ಇಷ್ಟು ದಿನ ನಿಶ್ಚಿಂತೆಯಿಂದ ಇದ್ದದ್ದು ಯಾಕೆಂದು ಆಗ ಎಲ್ಲರಿಗೂ ತಿಳಿಯಿತು. ಓಟು ಹೆಂಗಸರದ್ದು ಎಂದು ಅವರಿಗೆ ಗೊತ್ತಿತ್ತು. ಹೆಂಗಸರು ಬರುವುದಿಲ್ಲ ಎಂದೂ ಗೊತ್ತಿತ್ತು. ಆಗ ಚೀಟಿ ಇರಲಿಲ್ಲ, ಶಾಲೆಯ ಅಂಗಳದಲ್ಲಿ ಎಲ್ಲರ ಎದುರು ಕೈ ಎತ್ತಿಸಿ ಎಣಿಸುತ್ತಿದ್ದರು. ಮಾನವಂತರ ಮನೆಯ ಹೆಂಗಸು ಅಲ್ಲಿ ಹೋಗಿ ನಿಲ್ಲುವುದುಂಟೇ?

ಮಗಳು ಒಂದು ಹಪ್ಪಳ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅಜ್ಜಿಯ ಮುಖ ನೋಡಿದಳು. ಅಮ್ಮ, ಹಪ್ಪಳ ಮಡಚಿಹೋಗುತ್ತದೆ, ಚಾಪೆಗೆ ಹಾಕು ಎಂದರು.

ಆ ಬೆಳಿಗ್ಗೆಯ ಹಾಗೆ ಒಂದು ಹಲಸಿನದ್ದಾದರೆ ಸರಿ, ನಮ್ಮ ಓಣಿಯಲ್ಲಿ ಒಬ್ಬರ ಮನೆಯ ವರ್ಷದ ಹಪ್ಪಳವನ್ನು ಆ ಮನೆಯವರೇ ಒತ್ತಿ ಮುಗಿಸುವ ಪದ್ಧತಿ ಇರಲಿಲ್ಲ. ಇಂದು ಈ ಮನೆಯ ಹಲಸು, ನಾಳೆ ಆ ಮನೆಯದ್ದು. ಎಲ್ಲ ಹೆಂಗಸರೂ ತಮ್ಮ ತಮ್ಮ ಮಣೆ ಹಿಡಿದುಕೊಂಡು ಹೋಗುತ್ತಿದ್ದರು. ಸಮಿತಿಯ ಸಭೆ ದರ್ಜಿಯ ಅಂಗಡಿಯಲ್ಲಾದರೆ ನಮ್ಮದು ಹಪ್ಪಳದ ಅಂಗಳದಲ್ಲಿ. ಅಮ್ಮ ಅಲ್ಲಿ ವಿಷಯ ಎತ್ತಿದರು. ನಾನು ಅಲ್ಲಿಯವರೆಗೆ ಅಮ್ಮನನ್ನು ಬರೀ ಹಠದವಳು ಎಂದುಕೊಂಡಿದ್ದೆ. ಮೊಮ್ಮಗಳು ಶಾಲೆಗೆ ಹೋಗುವುದು ಬೇಡ ಎಂದದ್ದು ಶಾಲೆಯ ಮೇಲಿನ ಸಿಟ್ಟಲ್ಲ, ತೋಡಿನ ಮೇಲಿನ ಹೆದರಿಕೆ ಎಂದು ಆ ಅಂಗಳದಲ್ಲಿ ಅವರ ಮಾತು ಕೇಳಿದ ಮೇಲೆ ಅರ್ಥವಾಯಿತು.

ಹೆಂಗಸರಿಗೆ ಸಂಕ ಬೇಡ ಎಂದಲ್ಲ. ಕೆಸು ಕೊಯ್ಯುತ್ತಿದ್ದ ನೆರೆಮನೆಯಾಕೆಗಂತೂ ಆ ದಿನದ ನಂತರ ತೋಡು ಕಂಡರೇ ಆಗುತ್ತಿರಲಿಲ್ಲ. ಆದರೆ ಹಿರಿಮನೆಯ ಯಜಮಾನರ ಎದುರು ಕೈ ಎತ್ತುವುದು ಹೇಗೆ? ನಮ್ಮ ಮನೆಗಳ ಮದುವೆಗೆ ವೀಳ್ಯ ಹಿಡಿಯುವವರು ಅವರು, ಕುಟುಂಬದ ದೈವದ ಎದುರು ನಮ್ಮ ಪರವಾಗಿ ನಿಲ್ಲುವವರು ಅವರು. ನಾಳೆ ದೈವ ಮುನಿದರೆ? ಹಿರಿಯರೊಬ್ಬರು ಒಂದು ಕೈಯಲ್ಲಿ ಮಣೆ ಹಿಡಿದೇ ಇದನ್ನು ಕೇಳಿದರು. ಅಮ್ಮ ಕೈಯಲ್ಲಿದ್ದ ಹಪ್ಪಳ ಒತ್ತಿ ಮುಗಿಸಿ ಹೇಳಿದರು, ಬೆನ್ನ ಹಿಂದೆ ಮಾಡಿದರೆ ತಾನೇ ದ್ರೋಹ, ಎದುರಿಗೆ ಹೋಗಿ ಹೇಳಿ ಬಂದರೆ ದೈವಕ್ಕೆ ಎಂತ ಸಿಟ್ಟು. ಹೇಳಿ ಬರುವುದು ನಾನು ಎಂದರು.

ಕೈ ಎತ್ತುವ ದಿನದ ಹಿಂದಿನ ಸಂಜೆ ಅಮ್ಮ ಹಿರಿಮನೆಗೆ ಹೊರಟರು. ತಾಯಿಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಹೊಸ ಹಪ್ಪಳದ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು. ನಾನು ಹೊರಡುವ ಮೊದಲು ದೇವರ ಎದುರು ದೀಪ ಇಟ್ಟು, ಮಾತು ಮುರಿಯದೆ ಕೆಲಸ ಆಗಲಿ ಎಂದು ಬೇಡಿಕೊಂಡೆ. ಅಧ್ಯಕ್ಷರು ಚಾವಡಿಯಲ್ಲಿದ್ದರು. ಅಕ್ಕ ಬಂದರೆಂದು ಎದ್ದರು, ಎಲೆ ಅಡಕೆಯ ಹರಿವಾಣ ಸರಿಸಿದರು. ಅಮ್ಮ ಎಲೆಗೆ ಸುಣ್ಣ ಹಚ್ಚಿದರು, ಬಾಯಿಗೆ ಹಾಕಲಿಲ್ಲ.

"ನಾಳೆ ನಾನು ದರ್ಜಿಗೆ ಕೈ ಎತ್ತುವವಳು. ಓಣಿಯವರು ಎಲ್ಲ ಹಾಗೇ. ನಿನಗೆ ಮೊದಲು ಗೊತ್ತಿರಲಿ ಅಂತ ಬಂದೆ."

ಅಧ್ಯಕ್ಷರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಹಪ್ಪಳದ ಕಟ್ಟನ್ನು ನೋಡಿದರು.

"ದರ್ಜಿಗೆ ಪಂಚಾಯತಿನ ವಿಷಯ ಎಂತ ಗೊತ್ತುಂಟು ಅಕ್ಕ?"

"ಅಳತೆ ತೆಗೀಲಿಕ್ಕೆ ಗೊತ್ತುಂಟು. ನೀನು ಆ ಸಂಕಕ್ಕೆ ಅಷ್ಟನ್ನೂ ಮಾಡ್ಲಿಲ್ಲ."

ಅವರು ಬಹಳ ಹೊತ್ತು ಅಡಕೆ ಕತ್ತರಿಸಿದರು. ತಾಯಿಮನೆಯ ಬಾಗಿಲು ಮುಚ್ಚಿದರೆ ನಮ್ಮಂಥವರಿಗೆ ಮತ್ತೆ ಹೋಗುವ ಮನೆ ಇಲ್ಲ. ಕೊನೆಗೆ ಅವರು, ಮಗು ಬಿದ್ದದ್ದು ಹೌದಾ ಎಂದು ಕೇಳಿದರು. ಹೌದು ಎಂದೆ. ತನಗೆ ಯಾರೂ ಹೇಳಲಿಲ್ಲ ಎಂದರು. ಹೇಳಲಿಕ್ಕೆ ಬರುವ ದಾರಿ ಆ ಸಂಕದ ಮೇಲೆಯೇ ಅಲ್ಲವಾ ಎಂದರು ಅಮ್ಮ. ಅವರು ಸಣ್ಣಗೆ ನಕ್ಕು, ಕತ್ತರಿಸಿದ ಅಡಕೆಯನ್ನು ಅಮ್ಮನ ಅಂಗೈಗೆ ಹಾಕಿದರು. ಅಮ್ಮ ಆಗ ಎಲೆ ಮಡಚಿ ಬಾಯಿಗೆ ಹಾಕಿದರು. ಆ ಎಲೆ ಅವರ ಬಾಯಿಗೆ ಹೋದದ್ದನ್ನು ಕಂಡ ಮೇಲೆ ನಾನು ಸರಿಯಾಗಿ ಉಸಿರಾಡಿದೆ.

ಮರುದಿನ ನಾವು ಹೆಂಗಸರು ಒಟ್ಟಾಗಿ, ದೇವಸ್ಥಾನಕ್ಕೆ ಹೋಗುವ ಸೀರೆ ಉಟ್ಟು ಶಾಲೆಗೆ ಹೋದೆವು. ಬೇರೆ ಎಂತ ಉಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಓಟು ಇದ್ದದ್ದು ಮನೆಗೊಬ್ಬರಂತೆ ಹಿರಿಯ ಹೆಂಗಸರಿಗೆ. ನನ್ನಂಥವರು ಜೊತೆಗೆ ಹೋದದ್ದು. ಅಧಿಕಾರಿ ಮಾವಿನ ಮರದಡಿ ಮೇಜು ಹಾಕಿ ಕೂತಿದ್ದರು, ಬೇರೆ ಊರಿನವರು. ದರ್ಜಿಯ ಪರ ಇರುವವರು ಕೈ ಎತ್ತಿ ಎಂದಾಗ ನಮ್ಮ ಹಿರಿಯರೆಲ್ಲ ಸೆರಗು ತಲೆಗೆ ಎಳೆದು, ಮಂಗಳಾರತಿಯ ಹೊತ್ತಿಗೆ ಮಾಡುವ ಹಾಗೆ ಎರಡೂ ಕೈ ಜೋಡಿಸಿ ನೆತ್ತಿಯ ಮೇಲೆ ಹಿಡಿದರು. ಕೈ ಎತ್ತುವುದು ಎಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ. ಅಧ್ಯಕ್ಷರ ಕಡೆಯವನೊಬ್ಬ, ಒಬ್ಬೊಬ್ಬರು ಎರಡೆರಡು ಕೈ ಎತ್ತುತ್ತಿದ್ದಾರೆ ಎಂದು ತಕರಾರು ತೆಗೆದ. ಅಧಿಕಾರಿ ಪೆನ್ನು ಕೆಳಗಿಟ್ಟು ನಗು ತಡೆದುಕೊಂಡು, ಒಂದು ಕೈ ಸಾಕು ಅಮ್ಮ ಎಂದರು.

"ಒಂದು ಕೈಯಾ?" ಅಮ್ಮ ಗೊಣಗಿದರು. "ಬಸ್ಸು ನಿಲ್ಲಿಸ್ಲಿಕ್ಕಾ?"

ತಕರಾರಿಗೆ ಉತ್ತರ ಕೊಟ್ಟವರು ಅಧ್ಯಕ್ಷರೇ. ಕುರ್ಚಿಯಲ್ಲಿ ಕೂತಲ್ಲಿಂದಲೇ ತಮ್ಮ ಕಡೆಯವನಿಗೆ, ಎರಡು ಕೈಯಾದರೂ ತಲೆ ಒಂದೇ ಅಲ್ಲವಾ ಮಾರಾಯ, ತಲೆ ಎಣಿಸಲಿ, ಸುಮ್ಮನಿರು ಎಂದರು. ಹಾಗೆ ತಲೆ ಎಣಿಸಿ ದರ್ಜಿ ಗೆದ್ದರು.

ಬೋರ್ಡು ಪೂರ್ತಿ ಬದಲಾಯಿತು ಎಂದು ಹೇಳಲಾರೆ. ಚರಂಡಿ ಅರ್ಧಕ್ಕೆ ನಿಂತಿತು. ಬೀದಿ ದೀಪಕ್ಕೆ ಎಣ್ಣೆ ಬಂತು, ಕೆಲವು ದಿನ ಮಾತ್ರ. ಆದರೆ ಸಂಕದ ಕೆಲಸ ಮಳೆಗೆ ಮೊದಲೇ ಸುರುವಾಯಿತು. ತೋಡಿನ ನಡುವೆ ಕೆಂಪು ಕಲ್ಲಿನ ಕಂಬ, ಮೇಲೆ ದಪ್ಪ ಹಲಗೆ, ಎರಡೂ ಬದಿ ಹಿಡಿಕೆ. ಸೋತ ಅಧ್ಯಕ್ಷರು ಸಂಜೆ ವಾಕಿಂಗ್ ಎಂದು ಬಂದು ದಡದಲ್ಲಿ ನಿಂತು, ಕಂಬ ವಾಲಿದೆ, ನೀರು ಸೀಳಿಹೋಗಲು ಅದರ ಮುಖಕ್ಕೆ ಮೂಲೆ ಕೊಡಬೇಕು ಎಂದು ಮೇಸ್ತ್ರಿಯನ್ನು ಬೈಯುತ್ತಿದ್ದರು. ದರ್ಜಿಗೆ ಮೊದಲು ಸಿಟ್ಟು ಬಂತಂತೆ. ಆಮೇಲೆ ನೂಲು ಬಿಟ್ಟು ನೋಡಿದರೆ ಹೌದು, ವಾಲಿತ್ತು. ಒಂದು ಕಂಬ ಬಿಚ್ಚಿ ಪುನಃ ಕಟ್ಟಿದರು. ನಮ್ಮ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ತಂಬಿಲದ ಸೇವೆಗೆ ಅಧ್ಯಕ್ಷರು ಆ ವರ್ಷವೂ ಬಂದರು, ಉಂಡರು, ಹಪ್ಪಳ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಅದನ್ನು ನಾನು ಸಂಕಕ್ಕಿಂತ ದೊಡ್ಡ ಉಪಕಾರ ಎಂದು ಎಣಿಸುತ್ತೇನೆ.

ಶಾಲೆ ಸುರುವಾದ ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ತೋಡು ಕೆಂಪಾಗಿ ಉಬ್ಬಿತ್ತು. ಅಮ್ಮ ಮೊದಲು ತಾವೇ ಹೋಗಿ ಹಿಡಿಕೆ ಅಲ್ಲಾಡಿಸಿ ನೋಡಿದರು, ಹಲಗೆಯ ಮೇಲೆ ಕಾಲು ಕುಟ್ಟಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಮೊಮ್ಮಗಳಿಗೆ ದಾರಿ ಬಿಟ್ಟರು. ಅವಳು ಓಲೆಕೊಡೆ ತಲೆಗೆ ಹಿಡಿದು, ಹೊಸ ಸ್ಲೇಟನ್ನು ಎದೆಗೊತ್ತಿಕೊಂಡು ದಾಟಿದಳು. ಆ ದಡ ಮುಟ್ಟಿದ ಮೇಲೆ ತಿರುಗಿ ನೋಡುತ್ತಾಳೆಂದು ನಾನು ಕಾದೆ. ನೋಡಲಿಲ್ಲ, ಗೆಳತಿಯರು ಕಂಡದ್ದೇ ಓಡಿದಳು. ನಾನು ಬಾಯಲ್ಲಿ ಹೇಳುತ್ತಿದ್ದ ನಾಮ ಅರ್ಧಕ್ಕೇ ನಿಂತಿತು.

ಅಮ್ಮ ಕಾಲಿನ ಕೆಸರು ತೊಳೆದುಕೊಳ್ಳುತ್ತಾ, ನಿಂತು ನೋಡಿದ್ದು ಸಾಕು, ಥಂಡಿಗೆ ಹಪ್ಪಳ ಮೆತ್ತಗಾಗುತ್ತದೆ ಎಂದರು. ನಾನು ಒಳಗೆ ಹೋಗಿ ಒಲೆಯ ಕೆಂಡ ಕೆದಕಿ, ಹಪ್ಪಳದ ಕಟ್ಟುಗಳನ್ನು ಒಂದೊಂದಾಗಿ ಅದರ ಬಿಸಿ ತಾಗುವ ಅಟ್ಟಕ್ಕೆ ಏರಿಸತೊಡಗಿದೆ.