ಹೆಸರಿದ್ದ ತಂಬಿಗೆ

“ನಮ್ಮವ್ವನ ಹೆಸರು ಐತಂತ ನೂರು ರೂಪಾಯಿ ಕಡಿಮಿ ಮಾಡಿಸಿದ್ರಲ್ರಿ!” ಕಮತಗಿಯ ಆ ಹೆಣ್ಣುಮಗಳು ಹಿತ್ತಾಳೆಯ ತಂಬಿಗೆಯನ್ನು ನನ್ನ ಕೈಗಿಡುತ್ತ ನಕ್ಕಳು. ನನಗೆ ನಗು ಬರಲಿಲ್ಲ.

ಹಳೆಯ ಸಾಮಾನು ಕೂಡಿಸುವ ಹುಚ್ಚು ನನ್ನದು. ಮೊಬೈಲಿನಲ್ಲಿ ಆಕೆ ಮಾರಲು ಹಾಕಿದ್ದ ಈ ತಂಬಿಗೆಯ ಫೋಟೊ ನೋಡಿ, ‘ಮೈಮೇಲೆ ಹೆಸರು ಕೊರೆಸಿದ್ದಾರೆ, ಆರುನೂರು ಹೆಚ್ಚಾಯಿತು’ ಎಂದು ಎರಡು ದಿನ ಚೌಕಾಸಿ ಮಾಡಿ ಐದುನೂರಕ್ಕೆ ಇಳಿಸಿದ್ದೆ. ಅದು ಆಕೆಯ ತಾಯಿಗೆ ಮದುವೆಯಲ್ಲಿ ತವರಿನವರು ಹೆಸರು ಹಾಕಿಸಿ ಕೊಟ್ಟದ್ದಂತೆ. ‘ಗಂಗವ್ವ’ ಎಂಬ ಅಕ್ಷರಗಳು ತಿಕ್ಕಿ ತಿಕ್ಕಿ ಸವೆದಿದ್ದವು. ನಾಚಿಕೆಯಾಗಿ ಆ ನೂರನ್ನೂ ಕೊಡಹೋದೆ.

“ಬ್ಯಾಡ್ರಿ, ಮಾತು ಮುಗದೈತಿ,” ಎಂದಳು.

ವರ್ಷಗಳ ಹಿಂದೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಹಳೇ ಬಾಗಲಕೋಟೆಯ ಮನೆ ಖಾಲಿ ಮಾಡುವಾಗ, ನಮ್ಮವ್ವನ ಹೆಸರಿನ ತಂಬಿಗೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವನು ನಾನೇ. ಆ ಹೆಸರು ಕಂಡು ಮುಂದೆ ಯಾರು ಎಷ್ಟು ಕಡಿಮೆಗೆ ಕೇಳಿದರೋ!